ಸಿಮ್‌ನಿಂದ ಟ್ರ್ಯಾಕ್‌ಗೆ: ಕಾರ್ಟ್, ಫಾರ್ಮುಲಾ ತರಬೇತಿ, ಸ್ವಂತ ಕಾರು, ದುಡ್ಡು ಎಲ್ಲಿ ಹಾಕೋದು?

ಸ್ಟೀರಿಂಗ್, ಪೆಡಲ್ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವ ಸಿಮ್ ರೇಸಿಂಗ್ ಹುಚ್ಚು ಹಿಡಿದು ಒಂದೆರಡು ವರ್ಷ ಆಗುವಷ್ಟರಲ್ಲಿ ಎಲ್ಲರ ತಲೆಯಲ್ಲೂ ಒಂದೇ ಲೆಕ್ಕ ಶುರುವಾಗುತ್ತೆ. ಇನ್ನೊಂದು ಲಕ್ಷ ಸುರಿದು ರಿಗ್ (ಸ್ಟೀರಿಂಗ್, ಪೆಡಲ್, ಸೀಟು ಕೂಡಿಸಿದ ಸೆಟಪ್) ದೊಡ್ಡದು ಮಾಡೋದೋ, ಅದೇ ದುಡ್ಡಿಟ್ಟುಕೊಂಡು ನಿಜವಾದ ಟ್ರ್ಯಾಕಿಗೆ ಇಳಿಯೋದೋ? ಬೆಂಗಳೂರಿನವರಿಗೆ ಇದು ಬರೀ ಹಗಲುಗನಸೇನಲ್ಲ. ಚೆನ್ನೈ ಹೆದ್ದಾರಿಯಲ್ಲೇ, ಊರು ಸೇರುವ ಮೊದಲೇ ಸಿಗುವ ಇರುಂಗಾಟುಕೋಟೈನಲ್ಲಿ 3.717 ಕಿ.ಮೀ. ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇದೆ. ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳ್ಯದಲ್ಲಿ 2.1 ಕಿ.ಮೀ.ಯ ಕರಿ ಮೋಟರ್ ಸ್ಪೀಡ್‌ವೇ ಇದೆ. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಎರಡರಲ್ಲಿ ಯಾವುದನ್ನಾದರೂ ಸೇರಬಹುದು. ಕಾರ್ಟಿಂಗ್‌ಗಾದರೆ (ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿ ಓಡಿಸೋದು) ಊರು ಬಿಡುವುದೂ ಬೇಡ. 2011ರಿಂದ 2013ರವರೆಗೆ ಎಫ್1 ನಡೆದ ಬುದ್ಧ್ ಸರ್ಕ್ಯೂಟ್ ದೂರದ ಗ್ರೇಟರ್ ನೋಯ್ಡಾದಲ್ಲಿರುವುದರಿಂದ ಅದನ್ನು ಇಲ್ಲಿ ಲೆಕ್ಕಕ್ಕೆ ತಗೊಂಡಿಲ್ಲ.

ನಮ್ಮ ಕ್ರಮ ಮೊದಲೇ ಹೇಳಿಬಿಡುತ್ತೇವೆ. ಮನೆಯ ರಿಗ್‌ಗೆ ಒಳ್ಳೆಯ ಬ್ರೇಕ್ ಪೆಡಲ್, ಅದಾದ ಮೇಲೆ ಕಾರ್ಟ್, ಅದಾದ ಮೇಲೆ ತೆರೆದ ಚಕ್ರದ, ಒಂದೇ ಸೀಟಿನ ಫಾರ್ಮುಲಾ ಕಾರಿನ ತರಬೇತಿ. ಸ್ವಂತ ಕಾರನ್ನು ಟ್ರ್ಯಾಕಿನಲ್ಲಿ ಓಡಿಸುವ ಟ್ರ್ಯಾಕ್ ಡೇ ಎಲ್ಲಕ್ಕಿಂತ ಕೊನೆಗೆ. ಬಹುತೇಕರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೊದಲು ದೊಡ್ಡ ಸ್ಟೀರಿಂಗ್ ಮೋಟರ್ ತರುತ್ತಾರೆ, ಆಮೇಲೆ ಮನೆ ಮುಂದೆ ನಿಂತಿರುವ ಪೋಲೋನೋ ಸ್ವಿಫ್ಟೋ ತಗೊಂಡು ನೇರ ಟ್ರ್ಯಾಕಿಗೆ ಹೋಗುತ್ತಾರೆ, ನಾಲ್ಕೈದು ಸುತ್ತು ಆಗುವಷ್ಟರಲ್ಲಿ ಬ್ರೇಕ್ ಪೆಡಲ್ ನೆಲ ಮುಟ್ಟುತ್ತೆ. ಈ ಇಡೀ ಹೋಲಿಕೆಯಲ್ಲಿ ಬ್ರೇಕ್ ಮಾತು ಪದೇಪದೇ ಬರೋದಕ್ಕೆ ಕಾರಣ ಇದೆ: ಸಿಮ್‌ಗೂ ನಿಜವಾದ ರೇಸ್ ಕಾರಿಗೂ ಅತಿ ದೊಡ್ಡ ಅಂತರ ಇರೋದು ಎಡಗಾಲಿನ, ಇಲ್ಲ ಬಲಗಾಲಿನ, ಕೆಳಗೆ.

ಸಿಮ್ ಕಲಿಸೋದು ಎಷ್ಟು

ರೇಸಿಂಗ್ ಲೈನ್ (ಅತಿ ವೇಗವಾಗಿ ಹೋಗಲು ಹಿಡಿಯುವ ದಾರಿ), ಅಪೆಕ್ಸ್ (ತಿರುವಿನ ಒಳ ಅಂಚಿಗೆ ಅತಿ ಹತ್ತಿರವಾಗುವ ಜಾಗ), ಕಾರ್ನರ್‌ನಿಂದ ಹೊರಬರುವಾಗ ಥ್ರಾಟಲ್ (ಆಕ್ಸಿಲರೇಟರ್) ಯಾವಾಗ ತೆರೆಯಬೇಕು, ಇವೆಲ್ಲ ಸಿಮ್‌ನಲ್ಲಿ ಕಲಿತದ್ದು ಹಾಗೇ ಟ್ರ್ಯಾಕಿಗೆ ಬರುತ್ತೆ. ಆನ್‌ಲೈನ್ ರೇಸುಗಳನ್ನು ಶಿಸ್ತಾಗಿ ಓಡಿಸಿದ್ದರೆ ಪಕ್ಕದ ಕಾರಿಗೆ ಜಾಗ ಬಿಡುವುದೂ, ಮುಂದಿನವನು ಎಲ್ಲಿ ತಪ್ಪುತ್ತಾನೆ ಎಂದು ಮೊದಲೇ ಗ್ರಹಿಸುವುದೂ ಬರುತ್ತೆ. ಡೇಟಾ ಓದುವ ಅಭ್ಯಾಸವೂ ಅಷ್ಟೇ. ಅಸೆಟ್ಟೊ ಕೋರ್ಸಾ ಕಾಂಪಿಟಿಜಿಯೋನೆ ಎಂಬ ಸಿಮ್ ಆಟದ ಟೆಲಿಮೆಟ್ರಿಯನ್ನು (ವೇಗ, ಬ್ರೇಕ್, ಸ್ಟೀರಿಂಗ್ ಇತ್ಯಾದಿಗಳ ದಾಖಲೆ) ಬಿಚ್ಚಿ ನೋಡುವ ಮೊಟೆಕ್ ಐ2 ಸಾಫ್ಟ್‌ವೇರೇ ನಿಜವಾದ ರೇಸ್ ತಂಡಗಳಲ್ಲೂ ಬಳಕೆಯಲ್ಲಿದೆ.

ಬರದೇ ಇರೋದು ಮೈಗೆ ಸಂಬಂಧಪಟ್ಟದ್ದು. ತಲೆ ಮತ್ತು ಹೆಲ್ಮೆಟ್ ಸೇರಿ ಆರು ಕಿಲೋ ಮೇಲೆ ತೂಗುತ್ತೆ. ಒಂದು ಜಿ, ಅಂದರೆ ಗುರುತ್ವಾಕರ್ಷಣೆಯಷ್ಟೇ ಬಲದಲ್ಲಿ ಕಾರ್ನರ್ ತಿರುಗುವಾಗ ಅಷ್ಟೂ ತೂಕ ಕತ್ತನ್ನು ಪಕ್ಕಕ್ಕೆ ಎಳೆಯುತ್ತೆ, ಪ್ರತಿ ಕಾರ್ನರ್‌ನಲ್ಲೂ. ಹಿಂದಿನ ಟೈರ್ ಜಾರಲು ಶುರುವಾದದ್ದು ಕಣ್ಣಿಗೆ ಕಾಣುವ ಮೊದಲೇ ಸೊಂಟಕ್ಕೆ ಗೊತ್ತಾಗುತ್ತೆ. ಸಿಮ್‌ನಲ್ಲಿ ಆ ಸುದ್ದಿ ಸ್ಟೀರಿಂಗ್ ಮೂಲಕ ಸ್ವಲ್ಪ ತಡವಾಗಿ ಬರೋದಕ್ಕೆ ಒಗ್ಗಿಕೊಂಡ ಕೈ, ನಿಜವಾದ ಕಾರಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ತಿದ್ದುತ್ತೆ, ಕಾರು ಇನ್ನೊಂದು ಕಡೆಗೆ ಬಾಲ ಬೀಸುತ್ತೆ. ಇನ್ನು ರೀಸೆಟ್ ಬಟನ್ ಇಲ್ಲ ಅನ್ನೋ ಭಯ ಬೇರೆ. ಈ ಭಯದಿಂದ ಮೊದಲ ಸಲ ಇಳಿದ ಸಿಮ್ ಡ್ರೈವರ್‌ಗಳು ಬೇಗ, ಮೆತ್ತಗೆ, ಉದ್ದಕ್ಕೆ ಬ್ರೇಕ್ ಹಿಡಿಯುತ್ತಾರೆ. ಮಾಡಬೇಕಾದ್ದು ಇದರ ಉಲ್ಟಾ: ಮೊದಲ ಕ್ಷಣದಲ್ಲೇ ಗಟ್ಟಿಯಾಗಿ ಒತ್ತಿ, ಸ್ಟೀರಿಂಗ್ ತಿರುಗಿಸುತ್ತಾ ಹೋದಂತೆ ಬಿಡುತ್ತಾ ಬರೋದು.

ಸಿಮ್‌ನಿಂದ ನೇರ ಕಾಕ್‌ಪಿಟ್‌ಗೆ ಹೋದವರ ಹೆಸರು ಹೇಳುವಾಗ ಜ್ಯಾನ್ ಮಾರ್ಡನ್‌ಬರೋ ಮೊದಲು ಬರುತ್ತಾರೆ. 2011ರಲ್ಲಿ, ಗ್ರಾನ್ ಟುರಿಸ್ಮೊ ಆಟಗಾರರಿಂದ ರೇಸ್ ಡ್ರೈವರ್‌ಗಳನ್ನು ಆರಿಸುತ್ತಿದ್ದ ಜಿಟಿ ಅಕಾಡೆಮಿ ಸ್ಪರ್ಧೆ ಗೆದ್ದ ಈತ 2013ರ ಲೆ ಮಾನ್ಸ್ 24 ಗಂಟೆಯ ರೇಸಿನಲ್ಲಿ ಎಲ್‌ಎಂಪಿ2 ವರ್ಗದ ಮೂರನೇ ಸ್ಥಾನ ಪಡೆದ ಕಾರಿನಲ್ಲಿದ್ದರು. ಆದರೆ ಗೆದ್ದ ಮರುದಿನವೇ ಕೈಗೆ ಕಾರು ಕೊಡಲಿಲ್ಲ. ಲೈಸೆನ್ಸ್‌ಗೆ ಬೇಕಾದ ತರಬೇತಿ, ಸಣ್ಣ ರೇಸುಗಳು ಮುಗಿದ ಮೇಲೆಯೇ 2012ರ ಜನವರಿಯ ದುಬೈ 24 ಗಂಟೆ ಸಿಕ್ಕಿದ್ದು. ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಎಂಬ ರೇಸ್ ಡ್ರೈವರ್ ಸಹೋದರರು ಬಂದದ್ದು ಕಾರ್ಟಿಂಗ್ ದಾರಿಯಲ್ಲಿ. ಅದು ಈಗಲೂ ಹೆದ್ದಾರಿ, ಸಿಮ್ ಒಂದು ಸರ್ವಿಸ್ ರೋಡ್.

ಮನೆಯಲ್ಲೇ ಖರ್ಚು ಮಾಡೋದಾದರೆ

ಸ್ಟೀರಿಂಗ್‌ನಲ್ಲಿ ಮೂರು ಜಾತಿ. ಗೇರ್ ಮೂಲಕ ತಿರುಗುವ ಲಾಜಿಟೆಕ್ ಜಿ29, ಜಿ923 ಕೊಡೋದು ಎರಡು ನ್ಯೂಟನ್ ಮೀಟರ್‌ಗಿಂತ ಸ್ವಲ್ಪ ಹೆಚ್ಚು ಬಲ. ಬೆಲ್ಟ್ ಇರುವ ಥ್ರಸ್ಟ್‌ಮಾಸ್ಟರ್ ಟಿ300 ನಾಲ್ಕರ ಹತ್ತಿರ. ಸ್ಟೀರಿಂಗ್ ನೇರ ಮೋಟರ್‌ಗೇ ಕೂತಿರುವ ಡೈರೆಕ್ಟ್ ಡ್ರೈವ್‌ನಲ್ಲಿ ಫನಾಟೆಕ್ ಸಿಎಸ್‌ಎಲ್ ಡಿಡಿ 5, ಬೂಸ್ಟ್ ಕಿಟ್ ಹಾಕಿದರೆ 8. ಮೋಜಾ ಆರ್5 ಐದೂವರೆ, ಆರ್9 ಒಂಬತ್ತು. ಐದರಿಂದ ಒಂಬತ್ತರ ನಡುವೆ ನಿಲ್ಲಿಸಿ. ಅದಕ್ಕಿಂತ ಮೇಲೆ ಹೋದರೆ ಟೇಬಲ್ಲೇ ಅಲ್ಲಾಡುತ್ತೆ, 40×80 ಅಲ್ಯುಮಿನಿಯಂ ಪ್ರೊಫೈಲ್‌ನ ರಿಗ್ ಇಲ್ಲದೆ ಪ್ರಯೋಜನ ಇಲ್ಲ. ಬಲ ಎಷ್ಟೇ ಇರಲಿ, ಗೇನ್ (ಬಲದ ಸೆಟ್ಟಿಂಗ್) ಜಾಸ್ತಿ ಮಾಡಿದರೆ ಸಿಗ್ನಲ್ ಕ್ಲಿಪ್ ಆಗುತ್ತೆ, ಅಂದರೆ ಗರಿಷ್ಠ ಮಿತಿ ಮುಟ್ಟಿ ಅಲ್ಲೇ ನಿಲ್ಲುತ್ತೆ: ಅರ್ಧ ಹಿಡಿತದ ಟೈರ್‌ಗೂ ಪೂರ್ತಿ ಹಿಡಿತದ ಟೈರ್‌ಗೂ ಕೈಯಲ್ಲಿ ವ್ಯತ್ಯಾಸವೇ ಗೊತ್ತಾಗಲ್ಲ. ಆಟದೊಳಗಿನ ಎಫ್‌ಎಫ್‌ಬಿ (ಸ್ಟೀರಿಂಗ್ ಬಲದ) ಮೀಟರ್ ವೇಗದ ಕಾರ್ನರ್‌ಗಳಲ್ಲಿ ಆಗೊಮ್ಮೆ ಈಗೊಮ್ಮೆ ತುದಿ ಮುಟ್ಟಬೇಕು, ಅಲ್ಲೇ ಅಂಟಿಕೊಂಡಿರಬಾರದು.

ನಿಜವಾದ ಬದಲಾವಣೆ ತರೋದು ಲೋಡ್ ಸೆಲ್ ಪೆಡಲ್. ಸಾಮಾನ್ಯ ಪೆಡಲ್ ಒಳಗಿನ ಪೊಟೆನ್ಷಿಯೋಮೀಟರ್ ಅಳೆಯೋದು ಪಾದ ಎಷ್ಟು ದೂರ ಹೋಯಿತು ಅನ್ನೋದನ್ನು. ಲೋಡ್ ಸೆಲ್ ಅಳೆಯೋದು ಎಷ್ಟು ಜೋರಾಗಿ ಒತ್ತಿದಿರಿ ಅನ್ನೋದನ್ನು. ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಇಲ್ಲದ ರೇಸ್ ಕಾರಿನ ಪೆಡಲ್ ಕೂಡ ಹೆಚ್ಚು ದೂರ ಹೋಗಲ್ಲ, ಬಲ ಮಾತ್ರ ಕೇಳುತ್ತೆ, ಮತ್ತು ಸ್ನಾಯುಗಳು ದೂರಕ್ಕಿಂತ ಬಲವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತವೆ. ಮೊದಲು 40 ಕಿಲೋಗೆ ನೂರು ಪರ್ಸೆಂಟ್ ಬರುವ ಹಾಗೆ ಸೆಟ್ ಮಾಡಿ, ತಿಂಗಳ ಮೇಲೆ 60ಕ್ಕೆ ಏರಿಸಿ. ಆಫೀಸ್ ಚೇರ್‌ನಲ್ಲಿ ಕೂತು ಇಷ್ಟು ಒತ್ತಿದರೆ ಚೇರ್ ಹಿಂದಕ್ಕೆ ಓಡುತ್ತೆ. ಚೇರ್‌ನ ಚಕ್ರ ಕಳಚಿ, ಇಲ್ಲವೇ ಪೆಡಲ್ ಬೇಸ್‌ಗೂ ಚೇರ್ ಕಂಬಕ್ಕೂ ಲಗೇಜ್ ಬೆಲ್ಟ್ ಬಿಗಿದು ಕಟ್ಟಿ.

ಬಿಟ್ಟಿಯಾಗಿ ಸಿಗುವ ಸುಧಾರಣೆ ಇನ್ನೊಂದಿದೆ, ಫೀಲ್ಡ್ ಆಫ್ ವ್ಯೂ, ಅಂದರೆ ಪರದೆ ತೋರಿಸುವ ನೋಟದ ಕೋನ. 27 ಇಂಚಿನ ಮಾನಿಟರ್ ಅಗಲ ಸುಮಾರು 60 ಸೆಂ.ಮೀ. ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿದ್ದರೆ ಸರಿಯಾದ ಅಡ್ಡ ಕೋನ 53 ಡಿಗ್ರಿ, ಲಂಬ ಕೋನ 31 ಡಿಗ್ರಿ. ಅಸೆಟ್ಟೊ ಕೋರ್ಸಾ ಕೇಳೋದು ಲಂಬ ಕೋನ. ಅಲ್ಲಿ 53 ಹಾಕಿಬಿಟ್ಟರೆ ಕಾರ್ನರ್ ದೂರದಲ್ಲಿರುವಂತೆ, ಕಾರು ಇರುವುದಕ್ಕಿಂತ ವೇಗವಾಗಿ ಹೋಗುತ್ತಿರುವಂತೆ ಕಾಣುತ್ತೆ. ಆ ಕಣ್ಣಲ್ಲಿ ಕಲಿತ ಬ್ರೇಕಿಂಗ್ ಅಂದಾಜು ಟ್ರ್ಯಾಕಿನಲ್ಲಿ ಕೈಕೊಡುತ್ತೆ. ಮೊದಮೊದಲು ಸರಿಯಾದ ಕೋನ ಕಿಟಕಿಯಿಂದ ಇಣುಕಿದ ಹಾಗೆ ಇಕ್ಕಟ್ಟೆನಿಸುತ್ತೆ, ಒಂದು ವಾರದಲ್ಲಿ ಒಗ್ಗುತ್ತೆ.

ಡೈರೆಕ್ಟ್ ಡ್ರೈವ್ ತರುವವರಿಗೆ ಎರಡು ಎಚ್ಚರಿಕೆ. ಹೆಬ್ಬೆರಳನ್ನು ಸ್ಟೀರಿಂಗ್‌ನ ಕಡ್ಡಿಗಳ ಒಳಗೆ ಸಿಕ್ಕಿಸಬೇಡಿ, ಗೋಡೆಗೆ ಗುದ್ದಿದಾಗ ಚಕ್ರ ಒಮ್ಮೆಲೇ ಗಿರ್ರನೆ ತಿರುಗುತ್ತೆ. ಎರಡನೆಯದು, ರೇಸ್ ಮಧ್ಯೆ ಯುಎಸ್‌ಬಿ ಕಡಿದುಹೋಗುವ ಕಾಟ. ಮೋಟರ್‌ನ ವಿದ್ಯುತ್ ಗದ್ದಲ ಪೆಡಲ್ ಕೇಬಲ್‌ಗೆ ಹಾಯುವುದು ಇದಕ್ಕೆ ಸಾಮಾನ್ಯ ಕಾರಣ. ಮೊದಲು ಎಲೆಕ್ಟ್ರಿಶಿಯನ್ ಕರೆಸಿ ಮೂರು ಪಿನ್ ಸಾಕೆಟ್‌ನಲ್ಲಿ ಅರ್ಥಿಂಗ್ ನಿಜವಾಗಿಯೂ ಇದೆಯೇ ನೋಡಿಸಿ. ಹಳೆಯ ಬಾಡಿಗೆ ಮನೆಗಳಲ್ಲಿ ಮೂರನೇ ತೂತು ಅಲಂಕಾರಕ್ಕಿರುತ್ತೆ. ಆಮೇಲೆ ಕೇಬಲ್‌ಗೆ ಫೆರೈಟ್ ಉಂಗುರ, ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್.

ಮೋಷನ್ ಪ್ಲಾಟ್‌ಫಾರ್ಮ್ ಬೇಡ. ಅದು ಕುಲುಕುತ್ತೆ, ಓರೆಯಾಗುತ್ತೆ, ಆದರೆ ಕಾರ್ನರ್ ಉದ್ದಕ್ಕೂ ಎಳೆಯುವ ಬಲ ಕೊಡಲಾರದು. ಅದರ ಬೆಲೆಗೆ ಎಷ್ಟೋ ದಿನ ಕಾರ್ಟ್ ಓಡಿಸಬಹುದು.

ಯಾವ ಕಾರು ಅಭ್ಯಾಸ ಮಾಡಬೇಕು ಅನ್ನೋದಕ್ಕೂ ಬ್ರೇಕ್‌ನದ್ದೇ ಉತ್ತರ. ಸ್ಪೋರ್ಟ್ಸ್ ಕಾರಿನಿಂದ ಮಾಡಿದ ಜಿಟಿ3 ರೇಸ್ ಕಾರಿನಲ್ಲಿ ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರಿ ತಿರುಗದಂತೆ ತಡೆಯೋದು), ಡೌನ್‌ಫೋರ್ಸ್ (ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ) ಮೂರೂ ಇವೆ. ಧಪ್ಪನೆ ತುಳಿದು ಕಾಲು ಅಲ್ಲೇ ಇಟ್ಟರೂ ನಡೆಯುತ್ತೆ. ಇಲ್ಲಿ ನಿಮಗೆ ಸಿಗುವ ತರಬೇತಿ ಕಾರಿನಲ್ಲಿ ಮೂರೂ ಇರಲ್ಲ. ಐರೇಸಿಂಗ್ ಆಟದ ಫಾರ್ಮುಲಾ ವೀ, ರೇ ಎಫ್‌ಎಫ್1600, ಇಲ್ಲವೇ ಆಟೊಮೊಬಿಲಿಸ್ಟಾ 2ರ ಫಾರ್ಮುಲಾ ವೀ ಓಡಿಸಿ. ಸಹಾಯಗಳನ್ನೆಲ್ಲ ಆಫ್ ಮಾಡಿ, ಕ್ಲಚ್ ಮತ್ತು ಎಚ್ ಗೇರ್ ಇಟ್ಟುಕೊಂಡು.

ಕಾರ್ಟ್: ರೂಪಾಯಿಗೆ ಹೆಚ್ಚು ಪಾಠ

ಬಾಡಿಗೆ ಕಾರ್ಟ್‌ನಲ್ಲಿರೋದು ಸಾಮಾನ್ಯವಾಗಿ 200ರಿಂದ 270 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್, ಆರೂವರೆಯಿಂದ ಒಂಬತ್ತು ಅಶ್ವಶಕ್ತಿ. ಕಾಗದದ ಮೇಲೆ ನೋಡಿದರೆ ನಗು ಬರುತ್ತೆ. ನೆಲದಿಂದ ಎರಡು ಇಂಚು ಮೇಲೆ ಕೂತು, ಸಸ್ಪೆನ್ಷನ್ ಇಲ್ಲದೆ, ಒಂದರಿಂದ ಒಂದೂವರೆ ಜಿ ತಿಂದ ಮೇಲೆ ನಗು ನಿಲ್ಲುತ್ತೆ. ಹತ್ತು ನಿಮಿಷದ ಸೆಷನ್‌ಗೆ ಸಾವಿರ ರೂಪಾಯಿಯ ಆಚೀಚೆ ಅಂದುಕೊಳ್ಳಿ. ವಾರದ ದಿನಗಳಲ್ಲಿ ಕಡಿಮೆ, ಶನಿವಾರ ಭಾನುವಾರ ಜಾಸ್ತಿ.

ಎಡ, ಬಲ ಚಕ್ರಗಳನ್ನು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಕಾರ್ಟ್‌ಗೆ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿದಿವೆ. ಹೀಗಾಗಿ ತಿರುಗಬೇಕಾದರೆ ಒಳಗಡೆಯ ಹಿಂದಿನ ಚಕ್ರ ಸ್ವಲ್ಪ ಹೊತ್ತು ನೆಲದಿಂದ ಹಗುರಾಗಬೇಕು. ಸಿಮ್‌ನ ಜಿಟಿ ಕಾರಿನಲ್ಲಿ ಮಾಡುವಂತೆ ನಿಧಾನಕ್ಕೆ, ನಯವಾಗಿ ಸ್ಟೀರಿಂಗ್ ತುಂಬುತ್ತಾ ಹೋದರೆ ಹೇರ್‌ಪಿನ್‌ನಲ್ಲಿ ಕಾರ್ಟ್ ನೇರ ಟೈರ್ ಗೋಡೆ ಕಡೆ ಹೋಗುತ್ತೆ. ಒಮ್ಮೆ ಚುರುಕಾಗಿ ತಿರುಗಿಸಿ ಚಕ್ರ ಎತ್ತಿಸಿ, ತಕ್ಷಣ ಸ್ಟೀರಿಂಗ್ ಸಡಿಲಿಸಬೇಕು. ಬ್ರೇಕ್ ಇರೋದು ಹಿಂದಿನ ಆಕ್ಸಲ್‌ಗೆ ಮಾತ್ರ. ಅದನ್ನು ನೇರ ದಾರಿಯಲ್ಲೇ ಮುಗಿಸಿ. ತಿರುಗಿಸುವಾಗಲೂ ಒತ್ತಿಕೊಂಡಿದ್ದರೆ ಬಾಲ ಮುಂದೆ ಬರುತ್ತೆ. ಎಡಗಾಲು ಬ್ರೇಕ್, ಬಲಗಾಲು ಥ್ರಾಟಲ್, ಎರಡನ್ನೂ ಒಟ್ಟಿಗೆ ಒತ್ತಬೇಡಿ. ಕ್ಲಚ್ ಉರಿದುಹೋಗುತ್ತೆ, ಟ್ರ್ಯಾಕ್‌ನವರು ಒಳಗೆ ಕರೆಸುತ್ತಾರೆ.

ವೇಗದವರನ್ನು ನಿಧಾನದವರಿಂದ ಬೇರೆ ಮಾಡೋದು ಕಿವಿ. ಗೇರ್ ಒಂದೇ ಇರೋದರಿಂದ ಜಾರಿಸಿದಾಗ ಆರ್‌ಪಿಎಂ ಬಿದ್ದರೆ ಅದನ್ನು ಮತ್ತೆ ಏರಿಸಲು ಮುಂದಿನ ನೇರ ದಾರಿ ಪೂರ್ತಿ ಬೇಕು. ಜಾರಿಸಿಕೊಂಡು ಹೋಗುವುದು ನೋಡಲು ಚಂದ, ಟೈಮಿಂಗ್ ಶೀಟ್‌ನಲ್ಲಿ ಅಲ್ಲ. ಎಂಜಿನ್ ಸದ್ದು ಕಾರ್ನರ್ ಮಧ್ಯೆ ಎಷ್ಟು ಕೆಳಗೆ ಇಳಿಯುತ್ತೆ ಅಂತ ಕೇಳಿಸಿಕೊಳ್ಳಿ, ಪ್ರತಿ ಸುತ್ತೂ ಅದನ್ನು ಸ್ವಲ್ಪ ಮೇಲೆ ಹಿಡಿಯಲು ನೋಡಿ.

ತೊಂದರೆಗಳು: ಸ್ಟೀರಿಂಗ್ ಗಟ್ಟಿಯಾಗಿ ಹಿಡಿದವರ ಮುಂಗೈ ಏಳೆಂಟು ಸುತ್ತಿಗೆ ಕಲ್ಲಾಗುತ್ತೆ. ಸೀಟು ಸಡಿಲವಿದ್ದರೆ ಪಕ್ಕೆಲುಬು ಸೀಟಿನ ಅಂಚಿಗೆ ಬಡಿದು ವಾರಗಟ್ಟಲೆ ನೋಯುತ್ತೆ, ಸೀಟ್ ಇನ್ಸರ್ಟ್ ಕೇಳಿ ಹಾಕಿಸಿಕೊಳ್ಳಿ, ಪದೇಪದೇ ಹೋಗುವವರು ರಿಬ್ ಪ್ರೊಟೆಕ್ಟರ್ ಕೊಳ್ಳಿ. ಉದ್ದ ಕೂದಲು, ದುಪಟ್ಟಾ, ಜಾಕೆಟ್‌ನ ದಾರ ಏನಿದ್ದರೂ ಸೂಟ್ ಒಳಗೆ ಹೋಗಬೇಕು. ಬೆನ್ನ ಹಿಂದೆಯೇ ತೆರೆದ ಆಕ್ಸಲ್ ತಿರುಗುತ್ತಿರುತ್ತೆ, ಈ ವಿಷಯದಲ್ಲಿ ಸಂಕೋಚ ಬೇಡ. ಒಂದೇ ಸಂಜೆ ಎರಡು ಸೆಷನ್ ತಗೊಳ್ಳಿ, ನಡುವೆ ಅರ್ಧ ಗಂಟೆ ಬಿಡಿ. ಬಾಡಿಗೆ ಕಾರ್ಟ್‌ಗಳು ಒಂದಕ್ಕೊಂದು ಸಮ ಇರಲ್ಲ, ಹಾಗಾಗಿ ಬೆಸ್ಟ್ ಲ್ಯಾಪ್ ಬದಲು ಕೊನೆಯ ಐದು ಸುತ್ತುಗಳ ನಡುವಿನ ವ್ಯತ್ಯಾಸ ನೋಡಿ. ಅರ್ಧ ಸೆಕೆಂಡಿನೊಳಗೆ ಬಂದರೆ ನೀವು ಕಲಿಯುತ್ತಿದ್ದೀರಿ.

ಮುಂದಿನ ಮೆಟ್ಟಿಲು ಟೂ ಸ್ಟ್ರೋಕ್ ರೋಟ್ಯಾಕ್ಸ್ ಮ್ಯಾಕ್ಸ್: 125 ಸಿಸಿ, ನೀರಿನಿಂದ ತಣಿಯುವ ಎಂಜಿನ್, ಸೀನಿಯರ್ ವರ್ಗದಲ್ಲಿ 30 ಅಶ್ವಶಕ್ತಿಗಿಂತ ಹೆಚ್ಚು. ಕಾರ್ನರ್‌ನಲ್ಲಿ ಎರಡು ಜಿ ದಾಟುತ್ತೆ. ರಾಷ್ಟ್ರೀಯ ಸುತ್ತುಗಳು ನಡೆದಿರುವ ಮೆಕೊ ಕಾರ್ಟೋಪಿಯಾ ಬೆಂಗಳೂರಿನಲ್ಲೇ ಇದೆ. ಆದರೆ ಇಲ್ಲಿಂದ ಹವ್ಯಾಸ ಬೇರೆ ರೂಪ ತಾಳುತ್ತೆ: ಪೆಟ್ರೋಲಿಗೆ ಎಣ್ಣೆ ಬೆರೆಸೋದು, ಬಿಸಿಲಿಗೆ ತಕ್ಕ ಹಾಗೆ ಕಾರ್ಬ್ಯುರೇಟರ್ ಜೆಟ್ ಬದಲಿಸೋದು, ಗಂಟೆ ಲೆಕ್ಕದಲ್ಲಿ ಎಂಜಿನ್ ಬಿಚ್ಚೋದು, ಮೆಕ್ಯಾನಿಕ್ ಸಂಬಳ. ಸೀಸನ್ ಓಡಿಸುವ ಯೋಚನೆ ಇಲ್ಲದಿದ್ದರೆ ಕೊಳ್ಳಬೇಡಿ, ತಂಡದಿಂದ ಒಂದು ಟೆಸ್ಟ್ ದಿನ ಬಾಡಿಗೆಗೆ ಪಡೆಯಿರಿ.

ಫಾರ್ಮುಲಾ ಕಾರಿನ ತರಬೇತಿ

ನಮ್ಮ ಕಡೆ ಬಹುತೇಕರಿಗೆ ಮೊದಲು ಸಿಗೋದು ಮಾರುತಿ ಸ್ವಿಫ್ಟ್‌ನ 1.3 ಲೀಟರ್ ಎಂಜಿನ್ ಇರುವ ಫಾರ್ಮುಲಾ ಎಲ್‌ಜಿಬಿ ಜಾತಿಯ ಕಾರು. ಹಗುರವಾದ ಪೈಪಿನ ಚೌಕಟ್ಟು, ತೆರೆದ ಚಕ್ರ, ರೆಕ್ಕೆ ಇಲ್ಲ, ಎಬಿಎಸ್ ಇಲ್ಲ. ಸ್ಥಳೀಯ ಎಂಜಿನ್ ಹಾಕಿ ಸಿಂಗಲ್ ಸೀಟರ್ ಅಗ್ಗ ಮಾಡುವ ಈ ದಾರಿಯನ್ನು 1980ರ ದಶಕದ ಕೊನೆಯಲ್ಲಿ ಫಾರ್ಮುಲಾ ಮಾರುತಿಯಿಂದ ತೆರೆದವರು ಎಸ್. ಕರಿವರ್ಧನ್, ಕೊಯಮತ್ತೂರಿನ ಟ್ರ್ಯಾಕಿಗೆ ಅವರದೇ ಹೆಸರು.

ಒಂದು ದಿನದ ತರಬೇತಿಗೆ ಹತ್ತಾರು ಸಾವಿರ ಬೀಳುತ್ತೆ. ದುಡ್ಡು ಕಟ್ಟುವ ಮೊದಲು ಕೇಳಬೇಕಾದ್ದು: ಚಕ್ರ ತಿರುಗುವ ಸಮಯ ಒಟ್ಟು ಎಷ್ಟು ನಿಮಿಷ? ಬೆಳಿಗ್ಗೆಯಿಂದ ಸಂಜೆ ಅಂದರೂ ಟ್ರ್ಯಾಕ್ ಮೇಲೆ ಇರೋದು ಒಂದು ಗಂಟೆ ಮಾತ್ರ ಆಗಿರಬಹುದು. ಟೈರ್, ಪೆಟ್ರೋಲ್ ಸೇರಿದೆಯಾ? ಕಾರಿಗೆ ಪೆಟ್ಟಾದರೆ ಯಾರು ಕೊಡಬೇಕು, ಗರಿಷ್ಠ ಎಷ್ಟು? ಕ್ಯಾಮೆರಾ ಅಥವಾ ಡೇಟಾ ಲಾಗರ್ ಇದೆಯಾ? ಆಮೇಲೆ ರೇಸ್ ಮಾಡುವ ಆಸೆಯಿದ್ದರೆ ಇಲ್ಲಿನ ಸರ್ಟಿಫಿಕೇಟ್‌ನಿಂದ ದೇಶದ ಮೋಟರ್ ಸ್ಪೋರ್ಟ್ ಒಕ್ಕೂಟವಾದ ಎಫ್‌ಎಂಎಸ್‌ಸಿಐನ ಲೈಸೆನ್ಸ್ ಸಿಗುತ್ತಾ? ಪೆಟ್ಟಿನ ವಿಷಯ ಕಾಗದದಲ್ಲಿ ಬರೆಸಿಕೊಳ್ಳಿ. ಮುಂದಿನ ಚಕ್ರ ಕಿತ್ತುಹೋದರೆ ಒಂದು ಸಸ್ಪೆನ್ಷನ್ ಕಡ್ಡಿಗೆ ನಿಲ್ಲಲ್ಲ, ಬಿಲ್ ಉದ್ದ ಆಗುತ್ತೆ.

ಕಾಕ್‌ಪಿಟ್ ಇಕ್ಕಟ್ಟು. ಆರಡಿ ದಾಟಿದವರು, ತೊಂಬತ್ತು ಕಿಲೋ ಮೇಲಿನವರು ಮೊದಲೇ ಹೇಳಿ ಕೂತು ನೋಡಿ. ಅಗಲ ಅಡಿಯ ರನ್ನಿಂಗ್ ಶೂ ಒಂದೇ ಸಲಕ್ಕೆ ಎರಡು ಪೆಡಲ್ ಒತ್ತುತ್ತೆ, ತೆಳು ಅಡಿಯ ಕಿರಿದಾದ ಶೂ ಹಾಕಿ. ಸ್ಟೀರಿಂಗ್ ಹಿಂದಿನ ಪ್ಯಾಡಲ್ ಎಳೆದು ಗೇರ್ ಬದಲಿಸುವ ಪ್ಯಾಡಲ್ ಶಿಫ್ಟ್‌ನಲ್ಲೇ ಬೆಳೆದವರಿಗೆ ಇಲ್ಲಿ ಕಷ್ಟ: ಬ್ರೇಕ್ ಒತ್ತಿರುವಾಗಲೇ ಬಲಗಾಲಿನ ಅಂಚಿನಿಂದ ಥ್ರಾಟಲ್ ಒಮ್ಮೆ ಚುಚ್ಚಿ ಗೇರ್ ಇಳಿಸಬೇಕು. ಚುಚ್ಚದೆ ಕ್ಲಚ್ ಬಿಟ್ಟರೆ ಎಂಜಿನ್ ಹಿಂದಿನ ಚಕ್ರಗಳನ್ನು ಹಿಡಿದು ನಿಲ್ಲಿಸುತ್ತೆ, ಕಾರು ಗಿರಕಿ ಹೊಡೆಯುತ್ತೆ. ಇದನ್ನು ಮನೆಯ ಸಿಮ್‌ನಲ್ಲಿ ಎರಡು ಮೂರು ವಾರ ಅಭ್ಯಾಸ ಮಾಡಿಕೊಂಡು ಹೋದವರಿಗೆ ತರಬೇತಿಯ ದುಡ್ಡು ದಕ್ಕುತ್ತೆ, ಉಳಿದವರು ಅರ್ಧ ದಿನ ಗೇರ್ ಜೊತೆ ಗುದ್ದಾಡುತ್ತಾರೆ.

ಮೊದಲ ಎರಡು ಸುತ್ತು ಟೈರ್ ತಣ್ಣಗಿರುತ್ತೆ, ಅಲ್ಲೇ ಹೆಚ್ಚು ಜನ ಸುತ್ತಿಕೊಳ್ಳೋದು. ತಲೆ ತಿರುಗಿಸಿ ಅಪೆಕ್ಸ್ ಕಡೆ ನೋಡಿ. ಮಾನಿಟರ್ ಮುಂದೆ ಕೂತ ಕಣ್ಣು ಬಂಪರ್ ಮುಂದಿನ ಇಪ್ಪತ್ತು ಮೀಟರ್‌ಗೆ ಅಂಟಿಕೊಂಡಿರುತ್ತೆ. ಹಳದಿ ಬಾವುಟ ಕಂಡರೆ ನಿಧಾನಿಸಿ, ಓವರ್‌ಟೇಕ್ ಇಲ್ಲ. ಕೆಂಪು ಕಂಡರೆ ಸೆಷನ್ ನಿಂತಿತು ಎಂದರ್ಥ, ನಿಧಾನಕ್ಕೆ ಪಿಟ್‌ಗೆ ಬನ್ನಿ. ಸಿಮ್‌ನಲ್ಲಿ ಬಾವುಟ ಪರದೆಯ ಮೂಲೆಯಲ್ಲಿ ಮಿನುಗುತ್ತೆ, ಇಲ್ಲಿ ಪ್ರತಿ ಪೋಸ್ಟ್‌ನಲ್ಲೂ ನೀವೇ ಹುಡುಕಿ ನೋಡಬೇಕು. ಚೆನ್ನೈ ಬಿಸಿಲಲ್ಲಿ ಸೂಟ್ ಒಳಗೆ ಬೆವರು ಧಾರಾಕಾರ ಹರಿಯುತ್ತೆ. ಹಿಂದಿನ ರಾತ್ರಿಯಿಂದಲೇ ನೀರು ಕುಡಿಯಿರಿ, ಸೆಷನ್‌ಗಳ ನಡುವೆ ಓಆರ್‌ಎಸ್ ಬೆರೆಸಿಕೊಳ್ಳಿ, ಮಧ್ಯಾಹ್ನದ ಬಿರಿಯಾನಿ ಸಂಜೆಗೆ ಮುಂದೂಡಿ.

ಸ್ವಂತ ಕಾರು

ಅಗ್ಗ ಅನ್ನಿಸುತ್ತೆ, ಅಲ್ಲ. ಚಾಲಕ ಸೇರಿ 1,100 ಕಿಲೋ ತೂಗುವ ಹ್ಯಾಚ್‌ಬ್ಯಾಕ್ 140 ಕಿ.ಮೀ. ವೇಗದಿಂದ 60ಕ್ಕೆ ಇಳಿಯುವಾಗ ಬ್ರೇಕ್‌ಗಳು ನುಂಗುವ ಶಕ್ತಿ ಸುಮಾರು 680 ಕಿಲೋಜೂಲ್, ಎರಡು ಲೀಟರ್ ತಣ್ಣೀರನ್ನು ಕುದಿಸಲು ಬೇಕಾಗುವಷ್ಟು. ಅದು ಪ್ರತಿ ಸುತ್ತೂ, ಕೆಲವು ಕಡೆ. ಘಾಟಿ ಇಳಿಯುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಮೊದಲು ಸೋಲೋದು ಬ್ರೇಕ್ ಫ್ಲೂಯಿಡ್. ಮಾನದಂಡದ ಪ್ರಕಾರ ಹೊಸ ಡಾಟ್ 3 ದರ್ಜೆಯದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 230ರವರೆಗೆ, ಡಾಟ್ 5.1 260ರವರೆಗೆ. ಆದರೆ ಇದು ಗಾಳಿಯ ತೇವ ಹೀರಿಕೊಳ್ಳುತ್ತೆ. ಹಳೆಯದಾದ ಡಾಟ್ 3 140ಕ್ಕೇ, ಡಾಟ್ 4 155ಕ್ಕೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ, ಗುಳ್ಳೆ ಅದುಮಿಕೊಳ್ಳುತ್ತೆ, ಪೆಡಲ್ ಸೀದಾ ಕೆಳಗೆ. ಪ್ಯಾಡ್ ಕಾದು ಸೋತರೆ ಲಕ್ಷಣ ಬೇರೆ: ಪೆಡಲ್ ಗಟ್ಟಿಯಾಗೇ ಇರುತ್ತೆ, ಕಾರು ನಿಲ್ಲಲ್ಲ. ಈ ಎರಡನ್ನೂ ಗುರುತಿಸಲು ಬಂದರೆ ಯಾವುದನ್ನು ಬದಲಿಸಬೇಕು ಗೊತ್ತಾಗುತ್ತೆ. ಹೋಗುವ ಹಿಂದಿನ ವಾರ ಹೊಸ ಡಾಟ್ 4 ಅಥವಾ 5.1 ತುಂಬಿಸಿ ನಾಲ್ಕೂ ಚಕ್ರದಲ್ಲಿ ಗಾಳಿ ತೆಗೆಸಿ. ಸಿಲಿಕೋನ್‌ನಿಂದಾದ ಡಾಟ್ 5 ಬೇರೆಯೇ ವಸ್ತು, ಹೆಸರು ನೋಡಿ ಮೋಸ ಹೋಗಬೇಡಿ, ಬೆರೆಸಲೇಬೇಡಿ.

ಟ್ರ್ಯಾಕಿನಲ್ಲಿ ಒಂದು ಸುತ್ತು ಬೆಚ್ಚಗಾಗಲು, ನಾಲ್ಕೈದು ಸುತ್ತು ಜೋರು, ಒಂದು ಸುತ್ತು ಬ್ರೇಕ್ ಮುಟ್ಟದೆ ತಣಿಸಲು. ಪಿಟ್‌ಗೆ ಬಂದು ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಪ್ಯಾಡ್ ಒಂದೇ ಜಾಗದಲ್ಲಿ ಅಂಟಿ ಡಿಸ್ಕ್ ಹಾಳಾಗುತ್ತೆ. ಗೇರ್‌ನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ತಣ್ಣಗಿದ್ದಾಗ 32 ಪಿಎಸ್‌ಐ ಇದ್ದ ಟೈರ್ ಕೆಲವು ಸುತ್ತಿಗೆ ಐದಾರು ಏರುತ್ತೆ, ಒಳಗೆ ಬಂದ ತಕ್ಷಣ ಅಳೆದು ಇಳಿಸಿ. ಸಂಜೆ ಮನೆಗೆ ಹೊರಡುವ ಮೊದಲು ಮತ್ತೆ ತುಂಬಿಸಲು ಮರೆಯಬೇಡಿ. ನಟ್‌ಗಳನ್ನು ಕಾರಿನ ಕೈಪಿಡಿ ಹೇಳಿದ ಟಾರ್ಕ್‌ಗೆ ಬಿಗಿದು, ಪ್ರತಿ ಸೆಷನ್ ನಂತರ ಚಕ್ರ ತಣಿದ ಮೇಲೆ ಮತ್ತೆ ನೋಡಿ. ಚಾಲಕನ ಕಡೆಯ ಮ್ಯಾಟ್, ಡಿಕ್ಕಿಯ ಜಾಕ್, ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ, ಎಲ್ಲ ಹೊರಗೆ. ಟೋ ಹುಕ್ ಮೊದಲೇ ಹಾಕಿಡಿ.

ಪೆಟ್ರೋಲ್ ಲೆಕ್ಕ: ಕರಿಯಲ್ಲಿ ಸುತ್ತಿಗೆ ಒಂದೂವರೆ ನಿಮಿಷ ಹಿಡಿದರೆ ಇಪ್ಪತ್ತು ನಿಮಿಷಕ್ಕೆ 13 ಸುತ್ತು, 27 ಕಿ.ಮೀ. ನಾಲ್ಕು ಸೆಷನ್‌ಗೆ 110 ಕಿ.ಮೀ. ಆಗುತ್ತೆ. ಲೀಟರಿಗೆ ಐದು ಕಿ.ಮೀ. ಅಂದರೆ 22 ಲೀಟರ್. ಅದು ಸಣ್ಣ ಖರ್ಚು. ಮುಂದಿನ ಟೈರ್‌ಗಳ ಹೊರ ಅಂಚು ಒಂದೇ ದಿನದಲ್ಲಿ ಕಿತ್ತು ಬರೋದು, ಪ್ಯಾಡ್ ಮುಗಿಯೋದು ದೊಡ್ಡ ಖರ್ಚು. ಅದಕ್ಕಿಂತ ದೊಡ್ಡದು ಇನ್ನೊಂದು. ನಮ್ಮ ಸಾಮಾನ್ಯ ಮೋಟಾರ್ ಪಾಲಿಸಿಗಳಲ್ಲಿ ವಾಹನದ ಬಳಕೆಯ ಮಿತಿ ಹೇಳುವ ಕಡೆ ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಸೇರುವುದಿಲ್ಲ ಎಂದು ಬರೆದಿರುತ್ತೆ. ಗೋಡೆಗೆ ಹೊಡೆದರೆ ಪೂರ್ತಿ ನಿಮ್ಮ ಜೇಬು. ಕಾರಿನ ಸಾಲ ಇನ್ನೂ ತೀರಿಲ್ಲದವರು ಈ ಸಾಲನ್ನು ಎರಡು ಸಲ ಓದಿ. ಟ್ರ್ಯಾಕ್ ದುಬಾರಿ ಎಂದು ರಾತ್ರಿ ವಿಮಾನ ನಿಲ್ದಾಣದ ರಸ್ತೆಗೆ ಹೋಗೋದು ಆಯ್ಕೆಯೇ ಅಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಇದಕ್ಕೆ ಜೈಲು, ದಂಡ ಎರಡನ್ನೂ ಇಟ್ಟಿದೆ.

ಹಾಗಾದರೆ ಯಾರಿಗೆ ಇದು? ಕಾರ್ಟ್‌ನಲ್ಲಿ ಸುತ್ತುಗಳು ಸಮವಾಗಿ ಬರುತ್ತಿರುವವರಿಗೆ, ಕಾರು ಹಾಳಾದರೂ ಸೋಮವಾರ ಆಫೀಸಿಗೆ ಹೋಗಲು ಇನ್ನೊಂದು ಗಾಡಿ ಇರುವವರಿಗೆ. ಸುತ್ತಿನ ಸಮಯ ಅಳೆಯಲು ರೇಸ್‌ಕ್ರೋನೊ ಆ್ಯಪ್ ಸಾಕು. ಫೋನಿನ ಜಿಪಿಎಸ್ ಸೆಕೆಂಡಿಗೆ ಒಂದೇ ಬಾರಿ ಜಾಗ ಹೇಳುವುದರಿಂದ ಬ್ರೇಕಿಂಗ್ ಹೋಲಿಸಬೇಕಿದ್ದರೆ ಹತ್ತು ಹರ್ಟ್ಜ್ ಅಥವಾ ಮೇಲಿನ ಹೊರ ಜಿಪಿಎಸ್ ಬೇಕು.

ಮಣ್ಣಿನ ದಾರಿ

ಡರ್ಟ್ ರ್‍ಯಾಲಿ ಆಡುವವರಿಗೆ ಸರ್ಕ್ಯೂಟ್ ಬೇಸರ ತರಿಸಬಹುದು. ಅವರಿಗೆ ಆಟೊಕ್ರಾಸ್ ಇದೆ: ಮೈದಾನದಲ್ಲಿ ಕೋನ್ ಇಟ್ಟು ಒಬ್ಬೊಬ್ಬರಾಗಿ ಸಮಯಕ್ಕೆ ಓಡಿಸುವುದು. ವೇಗ ಕಡಿಮೆ, ಗೋಡೆ ಇಲ್ಲ, ಕಾರು ಜಾರುವುದನ್ನು ಇಷ್ಟು ಅಗ್ಗವಾಗಿ ಇನ್ನೆಲ್ಲೂ ಕಲಿಯಲಾಗಲ್ಲ. ಸ್ಟೇಜ್ ರ್‍ಯಾಲಿ, ಅಂದರೆ ಕರ್ನಾಟಕದ ಹಳೆಯ ಕೆ-1000 ತರಹದ್ದು, ಬೇರೆ ಮಾತು. ರೋಲ್ ಕೇಜ್, ನ್ಯಾವಿಗೇಟರ್, ಸರ್ವಿಸ್ ತಂಡ ಎಲ್ಲ ಬೇಕು.

ಹೆಲ್ಮೆಟ್, ಸೂಟ್, ಕಾಗದ

ಬಾಡಿಗೆ ಕಾರ್ಟ್‌ಗೆ ಅವರದೇ ಹೆಲ್ಮೆಟ್ ಕೊಡುತ್ತಾರೆ, ಒಳಗೆ ಹಾಕುವ ಬಟ್ಟೆಯ ಬಾಲಾಕ್ಲಾವಾ ನಿಮ್ಮದೇ ಇರಲಿ. ಕಾರಿಗೆ ಕೊಳ್ಳುವಾಗ ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಎಸ್‌ಎ ಗುರುತು ಅಥವಾ ಜಾಗತಿಕ ಮೋಟರ್ ಸ್ಪೋರ್ಟ್ ಸಂಸ್ಥೆಯಾದ ಎಫ್‌ಐಎ ಮಾನ್ಯತೆ ಹುಡುಕಿ. ಬೈಕಿನ ಸ್ನೆಲ್ ಎಂ ಹೆಲ್ಮೆಟ್‌ಗೆ ಬೆಂಕಿ ತಡೆಯುವ ಒಳಪದರದ ಪರೀಕ್ಷೆ ಇರಲ್ಲ. ಕತ್ತಿನ ರಕ್ಷಣೆಯ ಹ್ಯಾನ್ಸ್ ಸಾಧನ ಸಿಕ್ಕಿಸಲು ಹೆಲ್ಮೆಟ್‌ನಲ್ಲಿ ಆ್ಯಂಕರ್ ಜಾಗ ಇದೆಯೇ ನೋಡಿ, ಇಲ್ಲದಿದ್ದರೆ ಮುಂದೆ ಎರಡನೇ ಸಲ ಕೊಳ್ಳಬೇಕಾಗುತ್ತೆ.

ಸೂಟ್ ವಿಷಯದಲ್ಲಿ ದುಡ್ಡು ದಂಡವಾಗೋದು ಹೀಗೆ: ಕಾರ್ಟ್ ಸೂಟ್ ಒಂದು ಕೊಂಡು, ಅದನ್ನೇ ಫಾರ್ಮುಲಾ ಕಾರಿಗೂ ಹಾಕಿಕೊಳ್ಳಬಹುದು ಅಂದುಕೊಳ್ಳೋದು. ಕಾರ್ಟ್ ಸೂಟ್ ಮಾಡಿರೋದು ಡಾಂಬರಿಗೆ ಉಜ್ಜಿದಾಗ ಚರ್ಮ ಉಳಿಸಲು, ಬೆಂಕಿಗಲ್ಲ. ಕಾರ್ ರೇಸ್‌ಗೆ ಎಫ್‌ಐಎ 8856 ಮಾನದಂಡದ ಸೂಟ್ ಬೇಕು, ಕಾಲರ್ ಹತ್ತಿರ ಆ ಸಂಖ್ಯೆ ಹೊಲಿದಿರುತ್ತೆ. ತರಬೇತಿ ದಿನಕ್ಕೆ ಶಾಲೆಯವರೇ ಬಾಡಿಗೆಗೆ ಕೊಟ್ಟರೆ ಅಳತೆ ಮೊದಲೇ ಕಳಿಸಿ. ಬಿಗಿಯಾದ ಸೂಟ್‌ನಲ್ಲಿ ಕೂತಾಗ ಮೊಣಕಾಲು ಮಡಚಲ್ಲ, ಕ್ಲಚ್ ಪೂರ್ತಿ ಒತ್ತಲಾಗಲ್ಲ. ಹೊರಡುವ ಮುನ್ನ ಎಫ್‌ಎಂಎಸ್‌ಸಿಐ ಅರ್ಜಿಗೆ ಬೇಕಾದ ವೈದ್ಯಕೀಯ ಪ್ರಮಾಣಪತ್ರ, ಫೋಟೊ, ರಕ್ತದ ಗುಂಪಿನ ವಿವರ ಜೊತೆಗಿಟ್ಟುಕೊಂಡರೆ ಲೈಸೆನ್ಸ್ ಕೆಲಸಕ್ಕೆ ಇನ್ನೊಂದು ಸಲ ಅಲೆಯೋದು ತಪ್ಪುತ್ತೆ.